ಲೆಕ್ಕಕ್ಕೆ ಬಾರದ ಬಾವಿ

ನಮ್ಮೂರ ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಶುದ್ಧ ನೀರಿನ ಘಟಕ ಇದೆ. ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ನೀರು. ಹೋದ ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ಕಾಕಾನ ಜೊತೆ ನಾನೂ ಕ್ಯಾನ್ ಹಿಡಿದು ಅಲ್ಲಿ ನಿಂತಿದ್ದೆ. ನಾಣ್ಯ ಟಣ್ ಅಂತ ಒಳಗೆ ಬಿತ್ತು, ನೀರು ಬರಲಿಲ್ಲ. ಕಾಕಾ ಡಬ್ಬಿಯ ಮೇಲೆ ಅಂಗೈಯಿಂದ ಎರಡು ಸಲ ಬಡಿದರು. ಆಗ ಬಂತು. ಕ್ಯಾನನ್ನು ಗಾಡಿಯ ಮುಂದೆ ಇಟ್ಟುಕೊಳ್ಳುತ್ತಾ ಹೇಳಿದರು: "ತಮ್ಮಾ, ನಮ್ಮ ಮುತ್ಯಾಗ ಹೇಳಿದ್ರ ನಂಬತಿದ್ದಿಲ್ಲ ನೋಡು, ನೀರಿಗಿ ರೊಕ್ಕ ಕೊಡ್ಲತ್ತೀವಿ ಅಂತ."

ನಾನು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವವನು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಯಾವ ರೊಕ್ಕ ಎಲ್ಲಿ ಜಮಾ ಆಗುತ್ತದೆ ಅಂತ ನೋಡುವುದು ಅಭ್ಯಾಸವಾಗಿಬಿಟ್ಟಿದೆ. ಗಾಡಿಯ ಹಿಂದೆ ಕುಳಿತು ಮನೆಗೆ ಬರುವಾಗ ಆ ಐದು ರೂಪಾಯಿಯದೇ ಯೋಚನೆ. ಅದಕ್ಕೆ ದೇಶದ ಲೆಕ್ಕದಲ್ಲಿ ಜಾಗ ಇದೆ. ಘಟಕ ನಡೆಸುವವರ ಆದಾಯ, ಫಿಲ್ಟರ್ ಮಾರಿದವರ ವ್ಯಾಪಾರ, ಕರೆಂಟ್ ಬಿಲ್ಲು, ಎಲ್ಲದರಿಂದಲೂ ಒಂದು ಪಾಲು ಜಿಡಿಪಿಗೆ, ಅಂದರೆ ದೇಶದ ವರ್ಷದ ಒಟ್ಟು ಉತ್ಪನ್ನದ ಲೆಕ್ಕಕ್ಕೆ, ಸೇರುತ್ತದೆ. ಆದರೆ ಹನುಮಪ್ಪನ ಗುಡಿ ಹಿಂದೆ ಒಂದು ಬಾವಿ ಇತ್ತು. ನಾನು ಹುಡುಗನಾಗಿದ್ದಾಗ ಊರಿನ ಅರ್ಧಕ್ಕೂ ಹೆಚ್ಚು ಮನೆಗಳು ಅದರ ನೀರನ್ನೇ ಕುಡಿಯುತ್ತಿದ್ದವು. ಆ ಬಾವಿಗೆ ಲೆಕ್ಕದಲ್ಲಿ ಯಾವತ್ತೂ ಜಾಗ ಇರಲಿಲ್ಲ. ತುಂಬಿದ್ದಾಗ ಸೊನ್ನೆ. ಅದು ಬತ್ತಿದ ಮೇಲೆ ಬೋರ್ ಕೊರೆಸಿದ್ದು, ಮೋಟಾರ್ ಸುಟ್ಟು ಹೊಸದು ತಂದಿದ್ದು, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದ್ದು, ಈಗ ಈ ನಾಣ್ಯ, ಎಲ್ಲಾ ಬೆಳವಣಿಗೆಯ ಕಡೆ ಜಮಾ ಆಯಿತು. ಊರಿನ ಕೈಯಿಂದ ಒಂದು ದೊಡ್ಡ ಆಸ್ತಿ ಹೋಯಿತು ಅನ್ನುವುದನ್ನು ಮಾತ್ರ ಯಾರೂ ಯಾವ ಪುಟದಲ್ಲೂ ಬರೆಯಲಿಲ್ಲ.

ಮಿಲ್‌ನಲ್ಲಿ ಹಾಗೆ ಲೆಕ್ಕ ಬರೆಯಲು ಬರುವುದಿಲ್ಲ. ತೊಗರಿ ಒಡೆಯುವ ಮಷಿನ್ ವರ್ಷ ವರ್ಷ ಸವೆಯುತ್ತದೆ. ಅಷ್ಟನ್ನು ಸವಕಳಿ ಅಂತ ಕಳೆಯಲೇಬೇಕು. ಕಳೆಯದೆ ಲಾಭ ತೋರಿಸಿದರೆ ಅದು ಸುಳ್ಳು ಲೆಕ್ಕ. ಜಿಡಿಪಿಯಲ್ಲಿ ಸವಕಳಿ ಕಳೆಯುವುದೇ ಇಲ್ಲ. ಅದನ್ನು ಕಳೆದು ತೆಗೆಯುವ ಇನ್ನೊಂದು ಅಂಕಿ ಇದೆ. ಆದರೆ ಅದರಲ್ಲೂ ಮಷಿನ್, ಕಟ್ಟಡ, ರಸ್ತೆಗಳ ಸವಕಳಿಯೇ ಹೊರತು ಕೆಳಗಿಳಿದ ಅಂತರ್ಜಲ, ಕೊಚ್ಚಿಹೋದ ಎರಿಮಣ್ಣು ಬರುವುದಿಲ್ಲ.

ಈ ಲೆಕ್ಕ ಹುಟ್ಟಿಸಿದವರಿಗೇ ಇದು ಗೊತ್ತಿತ್ತು. ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. ದೇಶದ ಒಟ್ಟು ಆದಾಯ ಎಷ್ಟು ಅಂತ ಅಳೆದು ಕೊಡಿ ಎಂದು ಅಲ್ಲಿನ ಸರ್ಕಾರ ಸೈಮನ್ ಕುಜ್ನೆಟ್ಸ್ ಎಂಬ ಅರ್ಥಶಾಸ್ತ್ರಜ್ಞರಿಗೆ ಒಪ್ಪಿಸಿತು. 1934ರಲ್ಲಿ ಅವರು ವರದಿ ಕೊಟ್ಟರು. ಅದೇ ವರದಿಯಲ್ಲಿ, ರಾಷ್ಟ್ರೀಯ ಆದಾಯದ ಅಂಕಿಯಿಂದ ಜನರ ಕ್ಷೇಮವನ್ನು ಊಹಿಸಲು ಹೋಗಬೇಡಿ ಎನ್ನುವ ಎಚ್ಚರಿಕೆಯನ್ನೂ ಬರೆದಿದ್ದರು. ಅಂಕಿ ಉಳಿಯಿತು, ಎಚ್ಚರಿಕೆಯನ್ನು ಮರೆತರು. ಈಗ ತೊಂಬತ್ತು ವರ್ಷದ ಮೇಲೆ ಟಿವಿಯಲ್ಲಿ ಕೂತವರು ಅರ್ಧ ಪರ್ಸೆಂಟ್ ಹೆಚ್ಚು ಕಡಿಮೆಗೆ ಕೂಗಾಡುತ್ತಾರೆ. ನನ್ನ ಮಗಳು ಪಿಯುಸಿಯಲ್ಲಿ ಅರ್ಥಶಾಸ್ತ್ರ ಓದುತ್ತಾಳೆ. ಜಿಡಿಪಿಯ ವ್ಯಾಖ್ಯಾನ ಅವಳಿಗೆ ಬಾಯಿಪಾಠ. ಕುಜ್ನೆಟ್ಸ್ ಹೇಳಿದ ಎಚ್ಚರಿಕೆ ಯಾಕೆ ಬಾಯಿಪಾಠ ಮಾಡಿಸುವುದಿಲ್ಲವೋ.

ನಮ್ಮ ಜಿಲ್ಲೆಗೆ ಈ ಅಂಕಿಯ ಜೊತೆ ಹಳೆಯ ನಂಟು. ರಾಜ್ಯದ ಆರ್ಥಿಕ ಸಮೀಕ್ಷೆ ಬಂದಾಗಲೆಲ್ಲ ಪತ್ರಿಕೆಯಲ್ಲಿ ತಲಾ ಆದಾಯದ ಪಟ್ಟಿ ಬರುತ್ತದೆ. ಮೊದಲು ಬೆಂಗಳೂರು ನಗರ. ಕೊನೆಯಲ್ಲಿ ಕಲಬುರಗಿ. ನಡುವಿನ ಅಂತರ ಸುಮಾರು ಐದು ಪಟ್ಟು. ಆ ದಿನ ಮಿಲ್‌ನಲ್ಲಿ ಚಹಾದ ಹೊತ್ತಿಗೆ ಅದೇ ಮಾತು, ಅದೇ ಬೇಸರ. ಹಾಗಂತ ಅಂಕಿ ಸುಳ್ಳು, ನಾವು ಬಡವರಾದರೂ ಸುಖಿಗಳು ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ ರಾಜ್ಯಕ್ಕೇ ಕೊನೆ, 2025ರಲ್ಲಿ ನಮ್ಮ ಕಲಬುರಗಿ ಕೊನೆ. ಆ ಮಕ್ಕಳಿಗೆ ಮೇಷ್ಟ್ರು ಬೇಕು. ನಮ್ಮೂರಿನ ಬಾಣಂತಿಯರಿಗೆ ರಾತ್ರಿ ಹೊತ್ತು ಡಾಕ್ಟರ್ ಬೇಕು. ಬೀದರ್‌ಗೂ ಕಲಬುರಗಿಗೂ ನಡುವೆ ರೈಲು ಓಡಲು 2017ರ ತನಕ ಕಾಯಬೇಕಾಯಿತು. ನಮಗೆ ಇನ್ನೂ ಬಹಳ ಬೇಕು. ಆದರೆ ಬೇಕಾಗಿರುವುದು ಮೇಷ್ಟ್ರು, ಡಾಕ್ಟರ್, ರೈಲು, ನೀರು. ತಲಾ ಆದಾಯದ ಅಂಕಿ ಮೇಲೇರಿದರೆ ಇವೆಲ್ಲ ತಾವಾಗಿಯೇ ಬರುತ್ತವೆ ಅನ್ನುವ ನಂಬಿಕೆ ಇದೆಯಲ್ಲ, ನನ್ನ ತಕರಾರು ಅದರ ಮೇಲೆ.

2017ರ ವರ್ಷ ನೆನಪಿದೆ. ಅದಕ್ಕೆ ಎರಡು ವರ್ಷ ಮುಂಚೆ ತೊಗರಿ ಬೇಳೆ ಕಿಲೋಗೆ ಇನ್ನೂರು ರೂಪಾಯಿ ಮುಟ್ಟಿತ್ತು. ದೇಶವೆಲ್ಲ ಬೊಬ್ಬೆ. ಬೇಳೆ ಬೆಳೆಯಿರಿ ಅಂದರು. ನಮ್ಮ ಕಡೆಯವರು ಇದ್ದಬದ್ದ ಹೊಲಕ್ಕೆಲ್ಲ ತೊಗರಿ ಹಾಕಿದರು. ಮಳೆಯೂ ಕೈಹಿಡಿಯಿತು. ದೇಶದ ತೊಗರಿ ಉತ್ಪಾದನೆ ಒಂದೇ ವರ್ಷದಲ್ಲಿ ಸುಮಾರು 25 ಲಕ್ಷ ಟನ್‌ನಿಂದ 48 ಲಕ್ಷ ಟನ್‌ಗೆ ಏರಿತು. ಬೆಳವಣಿಗೆ ಅಂದರೆ ಇದೇ ಅಲ್ವಾ? ಹೆಚ್ಚೂಕಡಿಮೆ ದುಪ್ಪಟ್ಟು.

ಕೇಂದ್ರದ ಬೋನಸ್ ಸೇರಿ ಬೆಂಬಲ ಬೆಲೆ ಕ್ವಿಂಟಲ್‌ಗೆ 5,050 ರೂಪಾಯಿ ಇತ್ತು. ಕಾಕಾ ಹದಿನಾಲ್ಕು ಕ್ವಿಂಟಲ್ ತೊಗರಿ ಟ್ರ್ಯಾಕ್ಟರ್‌ಗೆ ಹೇರಿಕೊಂಡು ಖರೀದಿ ಕೇಂದ್ರಕ್ಕೆ ಹೋದರು. ರಸ್ತೆಯುದ್ದಕ್ಕೂ ಟ್ರ್ಯಾಕ್ಟರ್ ಸಾಲು. ಮೊದಲ ದಿನ ಪಾಳಿ ಬರಲಿಲ್ಲ. ಎರಡನೇ ದಿನ ಗೋಣಿಚೀಲ ಮುಗಿದವು ಅಂದರು. ಮೂರನೇ ದಿನ ಕಾಳಿನಲ್ಲಿ ಹಸಿ ಇದೆ ಅಂದರು. ನಾನು ರಾತ್ರಿ ರೊಟ್ಟಿ ಬುತ್ತಿ ಕೊಡಲು ಹೋದಾಗ ಕಾಕಾ ಚೀಲಗಳ ಮೇಲೆ ಕಂಬಳಿ ಹಾಸಿ ಮಲಗಿದ್ದರು. ಫೆಬ್ರುವರಿ ತಿಂಗಳು, ಬೆಳಗಿನ ಜಾವಕ್ಕೆ ಚಳಿ. ಪಕ್ಕದ ಟ್ರ್ಯಾಕ್ಟರ್‌ನ ಮುದುಕರೊಬ್ಬರು ಕೆಮ್ಮುತ್ತಲೇ ಇದ್ದರು. ನಾಲ್ಕನೇ ದಿನ ಕಾಕಾ ಟ್ರ್ಯಾಕ್ಟರ್ ತಿರುಗಿಸಿ ಕಲಬುರಗಿಯ ಗಂಜ್ ಮಾರುಕಟ್ಟೆಗೆ ಬಂದರು. ಅಡತ್ (ದಲಾಲಿ) ಅಂಗಡಿಯಲ್ಲಿ 4,200ರಂತೆ ಕೊಟ್ಟರು. ಟ್ರ್ಯಾಕ್ಟರ್ ಬಾಡಿಗೆ, ಹಮಾಲಿ, ಅಡತ್ ಕಳೆದು ಕೈಗೆ ಬಂದದ್ದರಲ್ಲಿ ಸಾಲದ ಬಡ್ಡಿ ಹೋಯಿತು, ಅಸಲು ಹಾಗೇ ಉಳಿಯಿತು.

ಆ ವರ್ಷ ನಮ್ಮ ಮಿಲ್‌ಗೆ ಅಗ್ಗದ ತೊಗರಿ ಬೇಕಾದಷ್ಟು ಸಿಕ್ಕಿತು. ಖರೀದಿ ಪುಸ್ತಕದಲ್ಲಿ 4,200, 4,150, 4,000 ಅಂತ ಸಾಲಾಗಿ ಬರೆದದ್ದು ನನ್ನದೇ ಕೈ. ಒಂದೊಂದು ಸಾಲಿನ ಹಿಂದೆಯೂ ಚೀಲದ ಮೇಲೆ ಮಲಗಿದವರೊಬ್ಬರು ಇದ್ದಾರೆ ಅಂತ ಬರೆಯುವಾಗ ಅನಿಸುತ್ತಿತ್ತು. ಉತ್ಪಾದನೆ ಏರಿತು, ವ್ಯಾಪಾರ ಏರಿತು, ಕೃಷಿ ಬೆಳವಣಿಗೆಯ ದರವೂ ಏರಿತು. ಬೆಳೆದವರು ಕುಸಿದರು.

ಆ ಸೋತ ವರ್ಷದ್ದೇ ಇನ್ನೊಂದು ನೆನಪು. ಡಿಸೆಂಬರ್ ಬಂತು, ಎಳ್ಳ ಅಮಾವಾಸ್ಯೆ. ನಮ್ಮ ಕಡೆ ಅದು ಎಷ್ಟು ದೊಡ್ಡ ಹಬ್ಬ ಅಂತ ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಚಿಕ್ಕವ್ವ ನಸುಕಿನಲ್ಲೇ ಎದ್ದು ಭಜ್ಜಿ ಕುದಿಸಿದರು. ಅವರೆ, ಬಟಾಣಿ, ಮೆಂತ್ಯೆ, ಕಡಲೆ ಸೊಪ್ಪು, ಹುಣಸೆ, ಹೊಲದಲ್ಲಿ ಸಿಕ್ಕಿದ್ದೆಲ್ಲ ಅದರಲ್ಲಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಗಡಿಗೆಯಲ್ಲಿ ಅಂಬಲಿ. ಹೊಲಕ್ಕೆ ಹೋಗಿ ಪೂಜೆ ಮಾಡಿ ಚರಗ ಚೆಲ್ಲಿದೆವು. ಆಮೇಲೆ ಕಾಕಾ ಬದುವಿನ ಮೇಲೆ ನಿಂತು, ದಾರಿಯಲ್ಲಿ ಹೋಗುವವರನ್ನೆಲ್ಲ ಕೂಗಿ ಕರೆದರು. "ಬರ್ರೀ, ಉಂಡು ಹೋಗ್ರಿ!" ಬೈಕ್ ಮೇಲಿದ್ದ ಗುರುತಿಲ್ಲದ ಇಬ್ಬರು ಹುಡುಗರು ಬಂದು ಕುಳಿತರು. ಸೋಲಾಪುರದ ಕಡೆಯವರಂತೆ. ಚಿಕ್ಕವ್ವ ಅವರಿಗೆ ಎರಡನೇ ಸಲ, ಮೂರನೇ ಸಲ ಭಜ್ಜಿ ಹಾಕಿದರು. ಸಾಲ ಹೊತ್ತ ಮನೆ ಅದು. ಆ ಮಧ್ಯಾಹ್ನ ಯಾರ ಮುಖದ ಮೇಲೂ ಸಾಲ ಕಾಣಿಸಲಿಲ್ಲ. ಚಿಕ್ಕವ್ವ ಅಡಿಗೆ ಮಾಡಿ ಬಡಿಸಿದ್ದು ಜಿಡಿಪಿಗೆ ಸೇರುವುದಿಲ್ಲ. ಅದೇ ಹುಡುಗರು ಹೈವೇ ಢಾಬಾದಲ್ಲಿ ಉಂಡಿದ್ದರೆ ಸೇರುತ್ತಿತ್ತು.

ಮತ್ತೆ ಬಾವಿಗೆ ಬರುತ್ತೇನೆ. ಆ ಬಾವಿಯನ್ನು ಹೊಗಳಿ ಬರೆದು ಸುಮ್ನೆ ಮುಂದೆ ಹೋಗಲು ನನಗೆ ಆಗುವುದಿಲ್ಲ. ಅದು ಊರಿನ ಬಾವಿ, ಆದರೆ ಊರಿನ ಎಲ್ಲರದ್ದಲ್ಲ. ದಲಿತ ಕೇರಿಯವರು ಅದರಲ್ಲಿ ಹಗ್ಗ ಬಿಡುವಂತಿರಲಿಲ್ಲ. ದೂರ ಕೊಡ ಇಟ್ಟುಕೊಂಡು ನಿಲ್ಲಬೇಕಿತ್ತು. ಇದೇ ಏಪ್ರಿಲ್‌ನಲ್ಲಿ ನನ್ನ ಜೊತೆ ಏಳನೇ ಕ್ಲಾಸಿನ ತನಕ ಓದಿದ ಗೆಳೆಯ ಸಿಕ್ಕಿದ್ದ. ಈಗ ಪುಣೆಯಲ್ಲಿ ಟೈಲ್ಸ್ ಕೆಲಸ. ನಾನು ಬಾವಿಯ ಮಾತು ತೆಗೆದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ನಮ್ಮವ್ವ ಅಲ್ಲಿ ತಾಸುಗಟ್ಟಲೆ ನಿಂದರ್ತಿದ್ದಳು. ಯಾರರ ಬಂದು ಕೊಡಕ್ಕ ನೀರ ಹಾಕಬೇಕು. ಹಾಕಲಿಲ್ಲಂದ್ರ ಖಾಲಿ ಕೊಡ. ಐದು ರೂಪಾಯಿ ಮಷಿನ್ ಛಲೋ ಅದ ನೋಡು, ಅದು ಯಾರ ಅಂತ ಕೇಳಲ್ಲ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಮಹಾರಾಷ್ಟ್ರದ ಮಹಾಡ್‌ನಲ್ಲಿ, ದಲಿತರಿಗೆ ನೀರು ಮುಟ್ಟಲು ಬಿಡದ ಚೌದಾರ್ ಕೆರೆಗೆ ಇಳಿದು ಅಂಬೇಡ್ಕರ್ ಅವರು ನೀರು ಕುಡಿದದ್ದು 1927ರ ಮಾರ್ಚ್ 20ರಂದು. ನಮ್ಮೂರಿನ ಬಾವಿಗೆ ಆ ದಿನ ಬರುವ ಮುಂಚೆಯೇ ಬಾವಿ ಬತ್ತಿತು. ಎಲ್ಲರಿಗೂ ಸೇರಿದ್ದು ಅಂತ ನಾವು ಕರೆಯುವುದು ನಿಜಕ್ಕೂ ಎಲ್ಲರದ್ದಾಗಿತ್ತಾ ಅಂತ ಕೇಳದೆ, ಹಳೆಯ ಕಾಲ ಛಲೋ ಇತ್ತು ಅನ್ನುವವರ ಸಾಲಿನಲ್ಲಿ ನಾನು ನಿಲ್ಲಲಾರೆ. ನನ್ನ ಗೆಳೆಯನಿಗೆ ರೊಕ್ಕ ಬಿಡುಗಡೆ ಕೊಟ್ಟಿದೆ. ಊರಿಗೆ ಬಂದಾಗ ತಲೆ ಎತ್ತಿ ನಡೆಯುವಂತೆ ಮಾಡಿದೆ. ಆದರೆ ವರ್ಷಕ್ಕೆ ಹತ್ತು ತಿಂಗಳು ಅವನು ಪುಣೆಯಲ್ಲೇ. ಅವ್ವ ಒಬ್ಬರೇ ಊರಿನಲ್ಲಿ. ಗುಳೆ ಹೋದವರ ಸಂಪಾದನೆ ಪುಣೆ, ಮುಂಬೈ, ಬೆಂಗಳೂರಿನ ಲೆಕ್ಕಕ್ಕೆ ಸೇರುತ್ತದೆ. ಬೀಗ ಹಾಕಿದ ಮನೆಗಳು ಮಾತ್ರ ನಮ್ಮ ತಾಲೂಕಿಗೆ.

ಬಾವಿ ಯಾಕೆ ಬತ್ತಿತು? ಮಳೆ ಕಡಿಮೆಯಾಯಿತು ಅನ್ನುತ್ತಾರೆ. ನನಗೆ ಗೊತ್ತಿರುವುದು ಇಷ್ಟು. ಮೊದಲ ಬೋರ್ ಬಿದ್ದಾಗ ನೂರೈವತ್ತು ಅಡಿಗೆ ನೀರು ಸಿಕ್ಕಿತ್ತು. ಪಕ್ಕದ ಹೊಲದವರು ಇನ್ನೂರಕ್ಕೆ ಹೋದರು. ಅವರ ಪಕ್ಕದವರು ಮುನ್ನೂರಕ್ಕೆ. ಈಗ ಆರುನೂರು ಅಡಿ ಕೊರೆದರೂ ಬರೀ ಧೂಳು ಬಂದ ಬೋರ್‌ಗಳಿವೆ. ಎಲ್ಲರೂ ಒಂದೇ ಗಡಿಗೆಗೆ ಬೇರೆ ಬೇರೆ ಉದ್ದದ ನಳಿಗೆ ಹಾಕಿ ಹೀರಿದರೆ ಏನಾಗುತ್ತದೋ ಅದೇ ಆಯಿತು. ಯಾರೂ ಕೆಟ್ಟವರಲ್ಲ. ಕಾಕಾ ಕೂಡ ಎರಡು ಬೋರ್ ಕೊರೆಸಿದ್ದಾರೆ. ಕೂತು ಮಾತಾಡುವ ಜಾಗವೇ ಇರಲಿಲ್ಲ.

ಕೂತು ಮಾತಾಡಿದವರೂ ಇದ್ದಾರೆ. ಎಲಿನಾರ್ ಆಸ್ಟ್ರಮ್ ಅಂತ ಒಬ್ಬ ಅಮೆರಿಕನ್ ವಿದ್ವಾಂಸೆ. ಅರ್ಥಶಾಸ್ತ್ರದಲ್ಲಿ ನೊಬೆಲ್ ಪಡೆದ ಮೊದಲ ಮಹಿಳೆ, 2009ರಲ್ಲಿ. ಅವರ ಡಾಕ್ಟರೇಟ್ ಓದೇ ಲಾಸ್ ಏಂಜಲೀಸ್ ಹತ್ತಿರದ ಅಂತರ್ಜಲದ ಬಗ್ಗೆ. ಅಲ್ಲಿಯೂ ನಮ್ಮ ಕಥೆಯೇ. ಎಲ್ಲರೂ ಎತ್ತಿ ಎತ್ತಿ ಕೊನೆಗೆ ಸಮುದ್ರದ ಉಪ್ಪುನೀರು ಒಳಗೆ ನುಗ್ಗತೊಡಗಿತು. ಆಗ ನೀರೆತ್ತುವವರೇ ಸೇರಿ ಸಂಘ ಕಟ್ಟಿದರು, ಕೋರ್ಟಿಗೂ ಹೋದರು, ಯಾರು ಎಷ್ಟು ಎತ್ತಬೇಕು ಅಂತ ಒಪ್ಪಂದ ಮಾಡಿಕೊಂಡರು. ಹಂಚಿಕೊಳ್ಳುವ ವಸ್ತುವನ್ನು ಜನ ಹಾಳು ಮಾಡಿಯೇ ತೀರುತ್ತಾರೆ ಎಂಬ ಮಾತನ್ನು ಆಸ್ಟ್ರಮ್ ಒಪ್ಪಲಿಲ್ಲ. ನಿಯಮವನ್ನು ಬಳಸುವವರೇ ಮಾಡಿದರೆ, ಕಾವಲನ್ನೂ ಅವರೇ ಕಾದರೆ, ಅದು ನಿಲ್ಲುತ್ತದೆ ಅಂತ ಎಷ್ಟೋ ದೇಶಗಳ ಉದಾಹರಣೆ ಇಟ್ಟು ತೋರಿಸಿದರು.

ದೂರದ ಮಾತು ಅನ್ನಿಸಿದರೆ ಬೀದರ್‌ಗೆ ಹೋಗಬಹುದು. ಮಗಳನ್ನು ಕರೆದುಕೊಂಡು ಒಂದು ಭಾನುವಾರ ರೈಲಿನಲ್ಲಿ ಹೋಗಿದ್ದೆ. ಕೋಟೆಗೆ ಎಲ್ಲರೂ ಹೋಗುತ್ತಾರೆ, ನಾವು ನೌಬಾದ್‌ನ ಸುರಂಗ ಬಾವಿಗೆ ಹೋದೆವು. ಕಾರೇಜ್ ಅಂತಲೂ ಅನ್ನುತ್ತಾರೆ. 15ನೇ ಶತಮಾನದಲ್ಲಿ, ಬಹಮನಿ ಸುಲ್ತಾನರ ಕಾಲದಲ್ಲಿ, ಪರ್ಷಿಯಾದ ವಿದ್ಯೆಯಿಂದ ಕೊರೆದದ್ದು. ಜಂಬಿಟ್ಟಿಗೆ ಕಲ್ಲಿನ ಒಳಗೆ ಎರಡು ಕಿಲೋಮೀಟರ್‌ಗೂ ಉದ್ದದ ಸುರಂಗ. ಎತ್ತರದ ಕಡೆ ಒಸರುವ ನೀರು ಸಣ್ಣ ಇಳಿಜಾರಿನಲ್ಲಿ ತಾನಾಗಿಯೇ ಹರಿದು ಬರುತ್ತದೆ. ಗಾಳಿ ಬೆಳಕಿಗೆ, ನೀರು ಸೇದಲಿಕ್ಕೆ ನಡುನಡುವೆ ಬಾವಿಯಂಥ ಕಿಂಡಿಗಳು. ಎಷ್ಟೋ ಕಾಲ ಹೂಳು ತುಂಬಿ ಮುಚ್ಚಿಹೋಗಿತ್ತು, ಕೆಲವು ವರ್ಷದ ಹಿಂದೆ ತೆಗೆದು ಸ್ವಚ್ಛ ಮಾಡಿದ್ದಾರೆ. ಒಂದು ಕಿಂಡಿಯ ಅಂಚಿಗೆ ಬಗ್ಗಿ ನೋಡಿದೆವು. ಹೊರಗೆ ಬೆಂಕಿಯಂಥ ಬಿಸಿಲು, ಕೆಳಗಿನಿಂದ ಮುಖಕ್ಕೆ ತಣ್ಣನೆ ಗಾಳಿ. ಮಗಳು ಕೇಳಿದಳು, "ಅಪ್ಪಾ, ಇದಕ್ಕ ಮೋಟಾರ್ ಇಲ್ಲೇನು?"

ಮೋಟಾರ್ ಇಲ್ಲ. ಅದರಲ್ಲೇ ಇದರ ಜಾಣತನ ಇರುವುದು. ನೆಲ ಎಷ್ಟು ಒಸರಿಸುತ್ತದೋ ಅಷ್ಟೇ ಹರಿಯುತ್ತದೆ. ಅದಕ್ಕಿಂತ ಜಾಸ್ತಿ ಎಳೆಯಬೇಕು ಅಂದರೂ ಎಳೆಯಲು ಬರುವುದಿಲ್ಲ. ಮಳೆಯಾದ ವರ್ಷ ಹೆಚ್ಚು, ಇಲ್ಲದ ವರ್ಷ ಕಡಿಮೆ. ಬೋರ್‌ವೆಲ್ ನಮ್ಮ ಆಸೆಯ ಆಳಕ್ಕೆ ಇಳಿಯುತ್ತದೆ. ಕಾರೇಜ್ ನೆಲದ ಅಳತೆಗೆ ನಡೆಯುತ್ತದೆ.

ಅಲ್ಲಿ ಕುಳಿತಾಗ ಮಗಳಿಗೆ ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳಿದೆ. ಬಸವಕಲ್ಯಾಣ ಅದೇ ಜಿಲ್ಲೆ ತಾನೇ. ಗಂಡ ಮಾರಯ್ಯ ಬಸವಣ್ಣನವರ ಅಂಗಳದಲ್ಲಿ ಬಿದ್ದ ಅಕ್ಕಿಕಾಳು ಆಯ್ದು ತರುತ್ತಿದ್ದ. ಅದರಿಂದಲೇ ಅಡಿಗೆ, ಅದರಿಂದಲೇ ದಾಸೋಹ. ಒಂದು ದಿನ ದಿನಕ್ಕಿಂತ ಹೆಚ್ಚು ತಂದ. ಇಷ್ಟೊಂದು ಅಕ್ಕಿ ನಮಗೆ ಯಾಕೆ, ಹೆಚ್ಚಿಗೆಯದನ್ನು ಅಲ್ಲೇ ಸುರಿದು ಬಾ ಅಂತ ಲಕ್ಕಮ್ಮ ವಾಪಸ್ ಕಳಿಸಿದಳು. ಹೊಸ ಅರ್ಥಶಾಸ್ತ್ರದ ಎಷ್ಟೇ ದೊಡ್ಡ ಮಾತು ಓದಿದರೂ ನನಗೆ ಆ ಹೆಂಗಸು ಬಾಗಿಲಲ್ಲಿ ನಿಂತು ಅಕ್ಕಿಯ ಮೊರ ನೋಡುವ ಚಿತ್ರವೇ ಕಣ್ಣಮುಂದೆ ಬರುತ್ತದೆ. ಅವಳು ಬಡತನವನ್ನು ಹೊಗಳಲಿಲ್ಲ. ದಾಸೋಹಕ್ಕೆ ಬಂದವರಿಗೆ ಕಡಿಮೆ ಬಡಿಸಲಿಲ್ಲ. ಅವಳಿಗೆ ಎಷ್ಟು ಸಾಕು ಅನ್ನುವ ಅಳತೆ ಗೊತ್ತಿತ್ತು.

ಅಳತೆ ಬೇರೆ ಥರವೂ ಇರಬಹುದು ಅಂತ ತೋರಿಸಿದವರು ನಮ್ಮ ರಾಜ್ಯದಲ್ಲೇ ಇದ್ದರು. ರಾಜ್ಯದ ಪ್ರಾದೇಶಿಕ ಅಸಮತೋಲನ ಅಳೆದ ಡಿ.ಎಂ. ನಂಜುಂಡಪ್ಪ ಸಮಿತಿಯ ಹೆಸರು ನಮ್ಮ ಭಾಗದಲ್ಲಿ ಚಹಾದಂಗಡಿಯವರಿಗೂ ಗೊತ್ತು. 2002ರಲ್ಲಿ ಬಂದ ಆ ವರದಿ ಬರೀ ಆದಾಯ ನೋಡಲಿಲ್ಲ. 35 ಸೂಚಕಗಳನ್ನು ಹಿಡಿದು ಒಂದೊಂದು ತಾಲೂಕನ್ನೂ ಅಳೆಯಿತು. ಅತ್ಯಂತ ಹಿಂದುಳಿದವು ಅಂತ 39 ತಾಲೂಕು ಗುರುತಿಸಿತು, ಅದರಲ್ಲಿ 21 ಆಗಿನ ಗುಲ್ಬರ್ಗಾ ವಿಭಾಗದವು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಸಿಗುವ ಹೋರಾಟಕ್ಕೆ ಆ ಅಂಕಿಗಳು ಬಲ ಕೊಟ್ಟವು. ನನಗೆ ಅದರಲ್ಲಿ ಇಷ್ಟವಾಗುವುದು ಕೇಳಿದ ಪ್ರಶ್ನೆ. ಎಷ್ಟು ಗಳಿಸುತ್ತೀರಿ ಅನ್ನುವುದರ ಜೊತೆಗೆ ನಿಮ್ಮ ಹತ್ತಿರ ಏನಿಲ್ಲ ಅಂತಲೂ ಕೇಳಿತು. ಈ ಪ್ರಶ್ನೆಯನ್ನು ಇನ್ನೂ ಕೆಳಗೆ, ಊರಿಗೆ, ಓಣಿಗೆ ಇಳಿಸಬೇಕು.

ಯಾಕೆ ಹೇಳುತ್ತಿದ್ದೇನೆ ಅಂದರೆ, ಏಪ್ರಿಲ್‌ನ ಆ ಕ್ಯಾನ್ ಆದ ಮೇಲೆ ನಾವು ಕೆಲವರು ಸೇರಿ ಗುಡಿ ಹಿಂದಿನ ಬಾವಿಯ ಹೂಳು ತೆಗೆಸಬೇಕು ಅಂದುಕೊಂಡೆವು. ಸುತ್ತ ಇಂಗುಗುಂಡಿ ತೋಡಿ ಗುಡ್ಡದ ಕಡೆಯ ಮಳೆನೀರು ತಿರುಗಿಸಬೇಕು. ಸಹಾಯ ಕೊಡುವ ಕಡೆ ಒಂದು ಅರ್ಜಿ ಹಾಕಬೇಕಿತ್ತು. ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಖರ್ಚಿನ ಅಂದಾಜು ಸುಲಭ. ಆಮೇಲೆ ಒಂದು ಕಾಲಂ: "ಯೋಜನೆಯಿಂದ ನಿರೀಕ್ಷಿಸುವ ವಾರ್ಷಿಕ ಆದಾಯ". ಇಪ್ಪತ್ತೆರಡು ವರ್ಷ ಲೆಕ್ಕ ಬರೆದ ನನಗೆ ಅಲ್ಲಿ ಪೆನ್ನು ಓಡಲಿಲ್ಲ. ಬಾವಿ ತುಂಬಿದರೆ ಘಟಕದ ಆದಾಯ ಕಡಿಮೆಯಾಗುತ್ತದೆ. ಟ್ಯಾಂಕರ್‌ನದ್ದೂ ಅಷ್ಟೇ.

ಕಾಕಾ ಪಕ್ಕದಲ್ಲಿ ಕುಳಿತಿದ್ದರು. "ಏನ್ ಬರಿಬೇಕಂತ?" ಅಂದರು. ಹೇಳಿದೆ.

"ಆದಾಯ ಬಿಡು. ಇನ್ನೊಂದು ಹಾಳಿ ತಗೋ. ಯಾವ ಮನಿಗಿ ಏನ್ ತ್ರಾಸ ಅದ, ಒಂದೊಂದೇ ಬರಿ. ಎಷ್ಟು ಮಂದಿ, ನೀರ ಯಾರ ತರ್ತಾರ, ಎಷ್ಟು ರೊಕ್ಕ ಹೋಗ್ತದ. ಅದನ್ನ ಹಚ್ಚಿ ಕಳಸು."

"ಎಲ್ಲಿಂದ ಸುರು ಮಾಡೋಣ ಕಾಕಾ? ಕೇರಿಯಿಂದ ಮಾಡೋಣ?"

ಕಾಕಾ ತಕ್ಷಣ ಮಾತಾಡಲಿಲ್ಲ. ಟವೆಲ್‌ನಿಂದ ಮುಖ ಒರೆಸಿಕೊಂಡರು. ಅವರಿಗೆ ಎಪ್ಪತ್ತು ದಾಟಿದೆ. ಆ ಬಾವಿಯ ಕಟ್ಟೆಯ ಮೇಲೆ ಯಾರು ನಿಲ್ಲುತ್ತಿದ್ದರು, ಯಾರು ದೂರ ನಿಲ್ಲುತ್ತಿದ್ದರು ಅನ್ನುವುದು ನನಗಿಂತ ಚೆನ್ನಾಗಿ ಅವರಿಗೇ ಗೊತ್ತು.

"ಬರಿ," ಅಂದರು. "ಕೇರಿ, ಮೊದಲನೇ ಮನಿ. ಮಗ ಪುಣೆಕ್ಕ. ಮುದುಕಿ ಒಬ್ಬಾಕಿ. ಮೊಣಕಾಲ ನೋವು, ಕ್ಯಾನ್ ಎತ್ತಲಾಕ ಬರಲ್ಲ. ಬಾಜೂ ಮನಿ ಹುಡುಗಿ ತಂದು ಕೊಡ್ತಾಳ. ಆ ಹುಡುಗಿ ಮನಿ ಎರಡನೇದು. ಆರು ಮಂದಿ..."

ಹದಿನೇಳನೇ ಮನೆಗೆ ಬಂದಾಗ ಕರೆಂಟ್ ಹೋಯಿತು. ಚಿಕ್ಕವ್ವ ಮೊಬೈಲ್ ಬ್ಯಾಟರಿ ಹಚ್ಚಿ ಹಾಳೆಯ ಮೇಲೆ ಹಿಡಿದರು. ನಾನು ಬರೆಯುತ್ತಾ ಹೋದೆ.